ಪುಕ್ಕಟೆ ಗುಲಾಬಿ, ದುಬಾರಿ ಗೂಬೆ: ಎರಡು ಡಿಸ್ಟೋಪಿಯಾಗಳನ್ನು (ಕರಾಳ ಭವಿಷ್ಯದ ಕಥೆಗಳನ್ನು) ಹೋಲಿಸಿ ಬರೆಯುವುದು ಹೇಗೆ?

ಪ್ರಶ್ನೆ: ಇಂಗ್ಲಿಷ್ ಎಂ.ಎ. ಓದುತ್ತಿದ್ದೇನೆ. ಆಲ್ಡಸ್ ಹಕ್ಸ್ಲಿಯ ‘ಬ್ರೇವ್ ನ್ಯೂ ವರ್ಲ್ಡ್’ ಕಾದಂಬರಿ ಮತ್ತು ರಿಡ್ಲಿ ಸ್ಕಾಟ್‌ನ ‘ಬ್ಲೇಡ್ ರನ್ನರ್’ ಸಿನಿಮಾ ಇಟ್ಟುಕೊಂಡು ‘ಮನುಷ್ಯ ಮತ್ತು ನಿಸರ್ಗ’ ಎಂಬ ವಿಷಯದ ಮೇಲೆ 1500 ಪದಗಳ ತೌಲನಿಕ ಪ್ರಬಂಧ ಬರೆಯಬೇಕು. ಮೊದಲ ಕರಡನ್ನು ‘ಎರಡು ಸಾರಾಂಶಗಳನ್ನು ಅಕ್ಕಪಕ್ಕ ಇಟ್ಟ ಹಾಗಿದೆ, ಹೋಲಿಕೆ ಎಲ್ಲಿ?’ ಎಂದು ಬರೆದು ವಾಪಸು ಕೊಟ್ಟಿದ್ದಾರೆ. ಅದರ ಒಂದು ಪ್ಯಾರಾ ಕಳಿಸಿದ್ದೇನೆ. ಎಲ್ಲಿ ತಪ್ಪುತ್ತಿದ್ದೇನೆ? ಕುವೆಂಪು ಅಥವಾ ತೇಜಸ್ವಿಯವರ ಕೃತಿಯನ್ನೂ ಸೇರಿಸಿಕೊಂಡರೆ ಪ್ರಬಂಧಕ್ಕೆ ತೂಕ ಬರುತ್ತದೆಯೇ?

ಉತ್ತರ: ನೀವು ಕಳಿಸಿದ ಪ್ಯಾರಾವನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿದೆ: ‘ಎರಡೂ ಕೃತಿಗಳು ನಿಸರ್ಗದ ನಾಶವನ್ನು ಚಿತ್ರಿಸುತ್ತವೆ. ಹಕ್ಸ್ಲಿಯ ಕಾದಂಬರಿಯಲ್ಲಿ ಮಕ್ಕಳು ಹೂವನ್ನು ದ್ವೇಷಿಸುವಂತೆ ಮಾಡುತ್ತಾರೆ. ಅದೇ ರೀತಿ ಬ್ಲೇಡ್ ರನ್ನರ್‌ನಲ್ಲಿ ನಿಜವಾದ ಪ್ರಾಣಿಗಳಿಲ್ಲ. ಹೀಗೆ ಎರಡೂ ತಂತ್ರಜ್ಞಾನದ ಅಪಾಯದ ಬಗ್ಗೆ ಎಚ್ಚರಿಸುತ್ತವೆ.’

ಮೊದಲ ವಾಕ್ಯದಲ್ಲೇ ಎಡವಿದ್ದೀರಿ. ಹಕ್ಸ್ಲಿಯ ಲೋಕದಲ್ಲಿ ನಿಸರ್ಗ ನಾಶವಾಗಿಲ್ಲ. ಲಂಡನ್ನಿನ ಹೊರಗೆ ಕಾಡಿದೆ, ಸರ್ರೆಯಲ್ಲಿ ಕುರುಚಲು ಬಯಲಿದೆ, ಕಡಲು ಚಂದ್ರ ಎಲ್ಲ ಇದ್ದಲ್ಲೇ ಇವೆ. ಇಲ್ಲವಾಗಿರುವುದು ಅವು ಬೇಕು ಎನ್ನುವ ಮನಸ್ಸು. ಇನ್ನೊಂದು ತೊಂದರೆ ‘ಅದೇ ರೀತಿ’ ಎಂಬ ಮಾತು. ಈ ಎರಡು ಪದ ಹೋಲಿಕೆ ಮಾಡಿದಂತೆ ತೋರಿಸುತ್ತವೆ ಅಷ್ಟೆ. ಕಣ್ಣೆದುರು ಇರುವ ಹೂವನ್ನು ದ್ವೇಷಿಸುವುದೂ ಪ್ರಾಣಿಗಳೇ ಇಲ್ಲವಾಗುವುದೂ ಒಂದೇ ರೀತಿ ಹೇಗಾದೀತು? ಆ ಎರಡರ ನಡುವೆ ಇರುವ ಅಂತರವನ್ನೇ ನೀವು ಪ್ರಬಂಧದಲ್ಲಿ ಬರೆಯಬೇಕಾಗಿರುವುದು.

ಎರಡು ಕೃತಿಗಳಿಗೂ ಒಂದೇ ಪ್ರಶ್ನೆ ಕೇಳಿ, ಬೇರೆ ಬೇರೆ ಉತ್ತರ ಪಡೆದು, ಯಾಕೆ ಬೇರೆಯಾಯಿತು ಎಂದು ವಿವರಿಸಿದರೆ ಅದು ಹೋಲಿಕೆ. ‘ನಿಸರ್ಗಕ್ಕೆ ಏನಾಯಿತು?’ ಎಂಬ ಪ್ರಶ್ನೆ ತೀರಾ ದೊಡ್ಡದು, ಕೈಗೆ ಸಿಗುವುದಿಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು ಬೇಕು, ಅದು ಪಠ್ಯದ ಒಳಗಿಂದಲೇ ಬರಬೇಕು. ಈ ಜೋಡಿಯಲ್ಲಿ ಅಂಥ ಒಂದು ಪ್ರಶ್ನೆ ಸಿದ್ಧವಾಗಿಯೇ ಇದೆ: ಈ ಲೋಕದಲ್ಲಿ ನಿಸರ್ಗದ ಬೆಲೆ ಎಷ್ಟು?

ಕಾದಂಬರಿಯ ಎರಡನೇ ಅಧ್ಯಾಯ ತೆರೆಯಿರಿ. ಎಂಟು ತಿಂಗಳ ಡೆಲ್ಟಾ (ಕೆಳವರ್ಗದ) ಕೂಸುಗಳನ್ನು ನೆಲದ ಮೇಲೆ ಬಿಡುತ್ತಾರೆ, ಎಲ್ಲವಕ್ಕೂ ಖಾಕಿ ಬಟ್ಟೆ. ಎದುರಿಗೆ ಗುಲಾಬಿ ತುಂಬಿದ ಬಟ್ಟಲುಗಳು, ಬಣ್ಣದ ಚಿತ್ರಗಳ ಪುಸ್ತಕಗಳು. ಕೂಸುಗಳು ಕೇಕೆ ಹಾಕುತ್ತ ಅಂಬೆಗಾಲಿಟ್ಟು ಹೋಗಿ ಎಸಳುಗಳನ್ನು ಹಿಡಿದ ಮೇಲೆ ಸ್ಫೋಟದ ಸದ್ದು, ಸೈರನ್, ಗಂಟೆ, ಆಮೇಲೆ ನೆಲದಿಂದ ಕರೆಂಟಿನ ಶಾಕ್. ಇದೇ ಪಾಠ ಸುಮಾರು 200 ಸಲ. ಯಾಕೆ ಎಂಬುದಕ್ಕೆ ಮಕ್ಕಳನ್ನು ತಯಾರಿಸುವ ಕೇಂದ್ರದ ನಿರ್ದೇಶಕ ಕೊಡುವ ಕಾರಣವೇ ನಿಮಗೆ ಬೇಕಾದದ್ದು: ಹೂವು, ಹೊಲ, ಬೆಟ್ಟದ ನೋಟಗಳಿಗೆ ಒಂದು ದೊಡ್ಡ ದೋಷವಿದೆ, ಅವು ಪುಕ್ಕಟೆ, ನಿಸರ್ಗದ ಮೇಲಿನ ಪ್ರೀತಿಯಿಂದ ಯಾವ ಕಾರ್ಖಾನೆಗೂ ಕೆಲಸ ಸಿಗುವುದಿಲ್ಲ. ಹಿಂದೆ ಕೆಳವರ್ಗಗಳಿಗೆ ಹೂವಿನ ಪ್ರೀತಿಯನ್ನೇ ಕಲಿಸುತ್ತಿದ್ದರು, ಹಳ್ಳಿಗಾಡಿಗೆ ಹೋಗಿಬರಲು ಸಾರಿಗೆ ಬಳಸಲಿ ಎಂದು. ಜನ ಹೋದರು, ಸಾರಿಗೆ ಬಳಸಿದರು, ಆದರೆ ಅಲ್ಲಿ ಬೇರೇನನ್ನೂ ಕೊಳ್ಳಲಿಲ್ಲ. ಹಾಗಾಗಿ ಹೂವಿನ ಪ್ರೀತಿ ಕಿತ್ತುಹಾಕಿ, ತರಾವರಿ ಸಲಕರಣೆ ಬೇಡುವ ಹೊರಾಂಗಣ ಆಟಗಳ ಪ್ರೀತಿ ತುಂಬಿದರು. ಈ ದ್ವೇಷ ಬೆಳೆದ ಮೇಲೆ ಹುಟ್ಟುಗುಣದಂತೆಯೇ ಕಾಣುತ್ತದೆ ಎಂದೂ ನಿರ್ದೇಶಕ ಸೇರಿಸುತ್ತಾನೆ. ಹುಟ್ಟುಗುಣವನ್ನೇ ತಯಾರಿಸಬಹುದು ಎಂಬ ಈ ಮಾತಿನ ಕೆಳಗೆ ಗೆರೆ ಎಳೆಯಿರಿ, ಮುಂದೆ ಬೇಕಾಗುತ್ತದೆ.

ಈಗ ಸಿನಿಮಾ. ರೆಪ್ಲಿಕಂಟ್‌ಗಳನ್ನು (ಮನುಷ್ಯರಂತೆಯೇ ಕಾಣುವ, ತಯಾರಿಸಿದ ಜೀವಿಗಳನ್ನು) ಹುಡುಕಿ ಕೊಲ್ಲುವ ಡೆಕರ್ಡ್, ಅವರನ್ನು ತಯಾರಿಸುವ ಟೈರೆಲ್ ಕಂಪನಿಯ ಪಿರಮಿಡ್ಡಿನಂಥ ಕಟ್ಟಡದ ತುದಿಗೆ ಹೋಗುತ್ತಾನೆ. ವಿಶಾಲವಾದ ಹಜಾರದಲ್ಲಿ ಒಂದು ಗೂಬೆ ಹಾರಿ ಬಂದು ಕೂರುತ್ತದೆ. ಕೃತಕವೇ ಎಂದು ಕೇಳಿದರೆ ಕಂಪನಿಯ ರೇಚಲ್ ಹೌದೆನ್ನುತ್ತಾಳೆ. ತುಂಬ ಬೆಲೆ ಇರಬೇಕು ಎಂದರೆ, ತುಂಬ ಎನ್ನುತ್ತಾಳೆ. ನಾಲ್ಕು ಸಾಲಿನ ಮಾತು, ಎರಡು ವಿಷಯ: ಕೃತಕ, ದುಬಾರಿ. ಗೂಬೆಯ ಕಣ್ಣಿನ ಪಾಪೆ ಒಂದು ಕ್ಷಣ ಕೆಂಪಗೆ ಹೊಳೆಯುತ್ತದೆ. ಅದೇ ಹೊಳಪನ್ನು ಸ್ಕಾಟ್ ರೆಪ್ಲಿಕಂಟ್‌ಗಳ ಕಣ್ಣಲ್ಲೂ ಇಟ್ಟಿದ್ದಾನೆ. ಆ ಎತ್ತರದಲ್ಲಿ ಬಿಸಿಲೂ ಇದೆ. ಕೆಳಗಿನ ಬೀದಿಗೆ ಬರೀ ಮಳೆ, ಹೊಗೆ, ನಿಯಾನ್ ದೀಪ. ಸೂರ್ಯ ಕಾಣುವುದು ಟೈರೆಲ್‌ನ ಕಿಟಕಿಯಿಂದ ಮಾತ್ರ. ಎದುರಿಗಿರುವುದು ಮನುಷ್ಯನೋ ರೆಪ್ಲಿಕಂಟೋ ಎಂದು ತಿಳಿಯುವ ಪರೀಕ್ಷೆ ನಡೆಸಲು ಬೆಳಕು ಹೆಚ್ಚಾಯಿತು ಎಂದು ಡೆಕರ್ಡ್ ಹೇಳಿದ ತಕ್ಷಣ ಆ ಬಿಸಿಲನ್ನೂ ಮಂಕು ಮಾಡಿಸುತ್ತಾರೆ.

ಇದರ ಪಕ್ಕದಲ್ಲಿ ಹಾವಿನ ಹುರುಪೆ ಇಡಿ. ಸ್ನಾನದ ತೊಟ್ಟಿಯಲ್ಲಿ ಸಿಕ್ಕ ಚೂರೊಂದನ್ನು ಡೆಕರ್ಡ್ ಮೀನಿನದು ಎಂದುಕೊಂಡು ಪ್ರಾಣಿಗಳ ಬೀದಿಗೆ ಒಯ್ಯುತ್ತಾನೆ. ಅಂಗಡಿಯ ಹೆಂಗಸು ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕೆಲಸಗಾರಿಕೆ ಮೆಚ್ಚಿ, ತಯಾರಕರ ಸಂಖ್ಯೆ ಓದಿ, ಮೀನಲ್ಲ ಹಾವು ಎನ್ನುತ್ತಾಳೆ. ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಜಾಗದಲ್ಲೂ ಕಂಪನಿಯ ಗುರುತು. ಮುಂದೆ ಆ ಹಾವಿನ ಒಡತಿ ಝೋರಾ, ನಿಜವಾದ ಹಾವು ಕೊಳ್ಳುವ ಶಕ್ತಿ ಇದ್ದಿದ್ದರೆ ಇಂಥ ಕಡೆ ಕೆಲಸ ಮಾಡುತ್ತಿದ್ದೆನೇ ಎಂದು ಕೇಳುತ್ತಾಳೆ. ಅಂದರೆ ‘ನಿಜವಾದ ಪ್ರಾಣಿಗಳಿಲ್ಲ’ ಎಂಬ ನಿಮ್ಮ ಮಾತೂ ಪೂರ್ತಿ ಸರಿಯಲ್ಲ. ಇರಬಹುದು, ಬಡವರ ಕೈಗೆಟುಕುವುದಿಲ್ಲ.

ಇಷ್ಟು ಸಿಕ್ಕಿದ ಮೇಲೆ ವಾದ ತಾನಾಗಿ ಹುಟ್ಟುತ್ತದೆ. ಒಂದೇ ವಾಕ್ಯದಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳಿ: ‘1932ರ ಹಕ್ಸ್ಲಿಯ ಲೋಕ, ನಿಸರ್ಗ ಪುಕ್ಕಟೆ ಎಂಬ ಕಾರಣಕ್ಕೆ ಅದನ್ನು ಮನಸ್ಸಿನಿಂದ ಅಳಿಸುತ್ತದೆ, 1982ರ ಸ್ಕಾಟ್‌ನ ಲೋಕ ನಿಸರ್ಗವನ್ನು ಖಾಲಿ ಮಾಡಿ ಅದನ್ನೇ ದುಬಾರಿ ಸರಕಾಗಿ ಮತ್ತೆ ತಯಾರಿಸುತ್ತದೆ, ಎರಡರಲ್ಲೂ ನಿಸರ್ಗಕ್ಕೆ ಬೆಲೆ ಕಟ್ಟಿದ ಕೈ ಮನುಷ್ಯನಿಗೂ ಬೆಲೆ ಕಟ್ಟುತ್ತದೆ.’ ಕೊನೆಯ ತುಂಡಿಗೂ ಪುರಾವೆ ಪಠ್ಯದಲ್ಲೇ ಇದೆ. ಐದನೇ ಅಧ್ಯಾಯದಲ್ಲಿ ಹೆಣ ಸುಡುವ ಕಟ್ಟಡದ ಹೊಗೆಯಿಂದ ರಂಜಕ ಹಿಡಿದಿಡುತ್ತಾರೆ, ವಯಸ್ಕನ ಒಂದು ಹೆಣಕ್ಕೆ ಒಂದೂವರೆ ಕಿಲೋಗೂ ಹೆಚ್ಚು, ಗಿಡ ಬೆಳೆಸಲು. ಸಿನಿಮಾದಲ್ಲಿ ನೆಕ್ಸಸ್-6 ಮಾದರಿಯ ರೆಪ್ಲಿಕಂಟ್‌ಗಳ ಆಯಸ್ಸು ನಾಲ್ಕು ವರ್ಷ ಎಂದು ತಯಾರಕನೇ ನಿಗದಿ ಮಾಡಿದ್ದಾನೆ. ನಿಮ್ಮ ವಾದದ ವಾಕ್ಯ ಇದೇ ಆಗಬೇಕೆಂದಿಲ್ಲ. ಆದರೆ ಅದನ್ನು ಒಬ್ಬರು ‘ಇಲ್ಲ’ ಎಂದು ಅಲ್ಲಗಳೆಯಲು ಸಾಧ್ಯವಿರಬೇಕು. ‘ಎರಡೂ ಎಚ್ಚರಿಸುತ್ತವೆ’ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ, ಹಾಗಾಗಿ ಅದರಲ್ಲಿ ವಾದವೂ ಇಲ್ಲ.

ಬರೆಯಲು ಕೂರುವ ಮೊದಲು ‘ನಿಸರ್ಗ’ ಎಂಬ ಪದವನ್ನು ಬಿಡಿಸಿಕೊಳ್ಳಿ. ಇಲ್ಲಿ ನಮ್ಮ ಕನ್ನಡ ನಿಮಗೆ ನೆರವಾಗುತ್ತದೆ. ‘ಪ್ರಕೃತಿ’ ಎಂದರೆ ಹೊರಗಿನ ಗಿಡಮರವೂ ಹೌದು, ‘ಅವನ ಪ್ರಕೃತಿಯೇ ಹಾಗೆ’ ಎಂದಾಗ ಒಳಗಿನ ಸ್ವಭಾವವೂ ಹೌದು, ‘ಉಷ್ಣ ಪ್ರಕೃತಿ’ ಎಂದಾಗ ಮೈಯ ಗುಣವೂ ಹೌದು. ಇಂಗ್ಲಿಷಿನ ‘ನೇಚರ್’ ಪದಕ್ಕೂ ಹೊರಗಿನದು, ಒಳಗಿನದು ಎಂಬ ಎರಡು ಮುಖಗಳಿವೆ, ಮತ್ತು ಈ ಎರಡು ಕೃತಿಗಳ ಜೀವ ಇರುವುದು ಹೊರಗಿನದನ್ನು ತಿದ್ದಿದರೆ ಒಳಗಿನದು ಏನಾಗುತ್ತದೆ ಎಂಬಲ್ಲಿ. ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಮೊದಲ ಪುಟದಲ್ಲಿ ಕಾಡು ಎಂಬ ಅರ್ಥದಲ್ಲಿ ಬಂದ ಪದ ಮೂರನೇ ಪುಟದಲ್ಲಿ ಸದ್ದಿಲ್ಲದೆ ಸ್ವಭಾವವಾಗಿಬಿಟ್ಟಿರುತ್ತದೆ. ಆಗ ಓದುವವರಿಗೆ ದಾರಿ ತಪ್ಪುತ್ತದೆ. ಪೀಠಿಕೆಯಲ್ಲೇ ಎರಡೂ ಅರ್ಥಗಳನ್ನು ಹೆಸರಿಸಿ, ಹೊರಗಿನಿಂದ ಒಳಗೆ ಹೋಗುತ್ತೇನೆ ಎಂದು ಹೇಳಿ.

ಸಿನಿಮಾದ ಯಾವ ಆವೃತ್ತಿ ನೋಡಿದ್ದೀರಿ ಎಂಬುದನ್ನೂ ಬರೆಯಲೇಬೇಕು. ಇದು ಬರೀ ಶಿಷ್ಟಾಚಾರದ ಮಾತಲ್ಲ. ನಿಮ್ಮ ವಿಷಯಕ್ಕೆ ಇದು ಕುತ್ತಿಗೆಗೆ ಬರುವ ಸಂಗತಿ. 1982ರಲ್ಲಿ ತೆರೆಕಂಡ ಪ್ರತಿಯಲ್ಲಿ ಡೆಕರ್ಡ್‌ನ ಹಿನ್ನೆಲೆ ನಿರೂಪಣೆ ಇದೆ, ಕೊನೆಯಲ್ಲಿ ಅವನೂ ರೇಚಲ್ಲೂ ಹಸಿರು ಬೆಟ್ಟಗಳ ನಡುವೆ ಹೊರಟುಹೋಗುತ್ತಾರೆ. (ಆ ಬೆಟ್ಟಗಳ ವೈಮಾನಿಕ ದೃಶ್ಯಗಳು ಸ್ಟ್ಯಾನ್ಲಿ ಕುಬ್ರಿಕ್ ತನ್ನ ಇನ್ನೊಂದು ಚಿತ್ರಕ್ಕೆ ತೆಗೆಸಿ ಬಳಸದೆ ಉಳಿಸಿದ್ದವು.) 1992ರ ‘ಡೈರೆಕ್ಟರ್ಸ್ ಕಟ್’ನಲ್ಲಿ ನಿರೂಪಣೆಯೂ ಇಲ್ಲ, ಬೆಟ್ಟವೂ ಇಲ್ಲ, ಲಿಫ್ಟಿನ ಬಾಗಿಲು ಮುಚ್ಚುವಲ್ಲಿಗೆ ಕಥೆ ಮುಗಿಯುತ್ತದೆ, ಬದಲಿಗೆ ಹಸಿರು ಕಾಡಿನಲ್ಲಿ ಓಡುವ ಒಂಟಿಕೊಂಬಿನ ಕುದುರೆಯ ಕನಸು ಸೇರಿದೆ. 2007ರ ‘ಫೈನಲ್ ಕಟ್’ನಲ್ಲಿ ಕೊನೆಯ ಪಾರಿವಾಳ ಹಾರುವ ಆಕಾಶವನ್ನೂ ಬದಲಿಸಿದ್ದಾರೆ: ಮೊದಲಿನ ಪ್ರತಿಗಳಲ್ಲಿ ಅದು ಇದ್ದಕ್ಕಿದ್ದಂತೆ ತಿಳಿನೀಲಿ ಆಕಾಶಕ್ಕೆ ಹಾರುತ್ತದೆ, ಇದರಲ್ಲಿ ನಗರದ ಕತ್ತಲೆಗೇ ಹಾರುತ್ತದೆ. ಊರಾಚೆ ಹಸಿರು ಇನ್ನೂ ಉಳಿದಿದೆ ಎಂಬ ಪ್ರತಿ ಹಿಡಿದರೆ ಮೇಲಿನ ವಾದ ನಿಲ್ಲುವುದಿಲ್ಲ. ಹಸಿರು ಕನಸಿನೊಳಗೆ ಮಾತ್ರ ಎಂಬ ಪ್ರತಿ ಹಿಡಿದರೆ ವಾದ ಗಟ್ಟಿಯಾಗುತ್ತದೆ. ಕಾಲೇಜಿನಲ್ಲಿ ನಿರ್ದಿಷ್ಟ ಪ್ರತಿ ಹೇಳಿಲ್ಲವಾದರೆ 2007ರದನ್ನು ಹಿಡಿಯಿರಿ, ಸ್ಕಾಟ್‌ಗೆ ಪೂರ್ತಿ ಹಿಡಿತ ಸಿಕ್ಕಿದ್ದು ಅದೊಂದರಲ್ಲೇ. ಎರಡು ಪ್ರತಿಗಳ ದೃಶ್ಯಗಳನ್ನು ಬೆರೆಸಬೇಡಿ. ಸಿನಿಮಾದಿಂದ ಉಲ್ಲೇಖಿಸುವಾಗ ನಿಮಿಷ ಬರೆಯುವ ಬದಲು ದೃಶ್ಯದ ಹೆಸರು ಹೇಳಿ, ಪ್ರತಿಯಿಂದ ಪ್ರತಿಗೆ ನಿಮಿಷ ಬದಲಾಗುತ್ತದೆ. ಕಾದಂಬರಿಗೂ ಪುಟದ ಜೊತೆ ಅಧ್ಯಾಯದ ಸಂಖ್ಯೆ ಕೊಡಿ. ಒಟ್ಟು ಹದಿನೆಂಟೇ ಅಧ್ಯಾಯ.

ಇನ್ನು ತಯಾರಿ. ಒಂದು ದೊಡ್ಡ ಹಾಳೆಯಲ್ಲಿ ಉದ್ದಕ್ಕೆ ಗೆರೆ ಎಳೆದು ಎಡಕ್ಕೆ ಕಾದಂಬರಿ, ಬಲಕ್ಕೆ ಸಿನಿಮಾ ಇಡಿ. ಎಡಗಡೆ ಒಂದು ವಿವರ ಬರೆದ ಕೂಡಲೇ ಬಲಗಡೆ ಅದಕ್ಕೆ ಎದುರಾಗುವ ವಿವರ ಹುಡುಕಿ, ಸಿಗದಿದ್ದರೆ ಎಡಗಡೆಯದನ್ನು ಹೊಡೆದುಹಾಕಿ. ಎಷ್ಟೇ ಸೊಗಸಾಗಿದ್ದರೂ ಜೋಡಿ ಇಲ್ಲದ ವಿವರಕ್ಕೆ ಈ ಪ್ರಬಂಧದಲ್ಲಿ ಜಾಗವಿಲ್ಲ. ಎಂಟು ಹತ್ತು ಜೋಡಿ ಸಿಗುತ್ತವೆ, ಮೂರು ಸಾಕು. 1500 ಪದಗಳಲ್ಲಿ ಪೀಠಿಕೆಗೆ 150, ಮೂರು ಪ್ಯಾರಾಗಳಿಗೆ ತಲಾ 400, ಮುಕ್ತಾಯಕ್ಕೆ 150. ಪ್ಯಾರಾ 400 ಪದ ಎಂದರೆ ಉದ್ದ ಅನಿಸುತ್ತದೆ, ಆದರೆ ಒಂದೇ ಪ್ಯಾರಾದಲ್ಲಿ ಎರಡೂ ಕೃತಿಗಳು ಬರಬೇಕಲ್ಲ. ಮೊದಲ ಅರ್ಧ ಪ್ರಬಂಧ ಕಾದಂಬರಿಗೆ, ಉಳಿದರ್ಧ ಸಿನಿಮಾಕ್ಕೆ ಎಂದು ಹಂಚಿದ್ದರಿಂದಲೇ ನಿಮ್ಮ ಕರಡು ಎರಡು ಸಾರಾಂಶಗಳ ಹಾಗೆ ಆಯಿತು. ಒಂದು ಪ್ಯಾರಾದೊಳಗೆ ಕನಿಷ್ಠ ಎರಡು ಸಲ ಈ ದಡದಿಂದ ಆ ದಡಕ್ಕೆ ದಾಟಬೇಕು. ಮತ್ತು ದಾಟುವ ವಾಕ್ಯ ‘ಅದೇ ರೀತಿ’, ‘ಅಂತೆಯೇ’, ‘ಹಾಗೆಯೇ’ ಎಂದು ಶುರುವಾಗಬಾರದು. ಏನು ಬದಲಾಯಿತು ಎಂದು ಹೇಳುತ್ತಲೇ ದಾಟಬೇಕು.

ನಿಮ್ಮ ಪ್ಯಾರಾವನ್ನೇ ಹೀಗೆ ಬೆಳೆಸಬಹುದು:

‘ಹಕ್ಸ್ಲಿಯ ಲೋಕ ಗುಲಾಬಿಗೆ ಹೆದರುವುದು ಅದು ಪುಕ್ಕಟೆ ಎಂಬ ಕಾರಣಕ್ಕೆ. ಎರಡನೇ ಅಧ್ಯಾಯದ ನಿರ್ದೇಶಕ ಶಾಕ್ ಕೊಡುವ ಕ್ರಮವನ್ನು ಪಾಠ ಹೇಳುವ ತಣ್ಣನೆಯ ದನಿಯಲ್ಲಿ ವಿವರಿಸುತ್ತಾನೆ. ಕೂಸುಗಳ ಕಿರುಚಾಟದ ಬೆನ್ನಿಗೇ ಬರುವ ಆ ದನಿ ಕ್ರೌರ್ಯವನ್ನು ಜಮಾಖರ್ಚಿನ ಲೆಕ್ಕವಾಗಿಸುತ್ತದೆ. ಕೊಳ್ಳುವವರಿಲ್ಲದೆ ಕಾರ್ಖಾನೆಗಳು ಬಾಗಿಲು ಹಾಕುತ್ತಿದ್ದ ವರ್ಷಗಳಲ್ಲಿ ಬರೆದ ಕಾದಂಬರಿಯಲ್ಲಿ, ಏನನ್ನೂ ಕೊಳ್ಳದೆ ಸುಖಪಡುವವನೇ ವ್ಯವಸ್ಥೆಗೆ ದೊಡ್ಡ ಶತ್ರು. ಐವತ್ತು ವರ್ಷದ ನಂತರ ಸ್ಕಾಟ್‌ನ ನಗರದಲ್ಲಿ ಆ ಶತ್ರುವಿನ ಭಯವೇ ಇಲ್ಲ, ಏಕೆಂದರೆ ಪುಕ್ಕಟೆಯಾದದ್ದು ಏನೂ ಉಳಿದಿಲ್ಲ. ಬಿಸಿಲಿನ ಹಜಾರದಲ್ಲಿ ಹಾರುವ ಗೂಬೆ ಅಂತಸ್ತಿನ ಗುರುತು. ಹಾವಿನ ಹುರುಪೆಯ ಮೇಲೆ ತಯಾರಕರ ಸಂಖ್ಯೆ. ಹಕ್ಸ್ಲಿಯಲ್ಲಿ ಮಾರುಕಟ್ಟೆ ನಿಸರ್ಗದೊಂದಿಗೆ ಪೈಪೋಟಿ ನಡೆಸುತ್ತಿತ್ತು. ಸ್ಕಾಟ್‌ನಲ್ಲಿ ಪೈಪೋಟಿ ಮುಗಿದಿದೆ, ಗೆದ್ದವನು ಸೋತವನ ವೇಷ ತೊಟ್ಟು ಮಾರಾಟಕ್ಕೆ ಕೂತಿದ್ದಾನೆ.’

ಇದರಲ್ಲಿ ಕಾಲದ ಸಂದರ್ಭ ಎಲ್ಲಿ ಬಂದಿದೆ ನೋಡಿ. ಅರ್ಧ ವಾಕ್ಯದಲ್ಲಿ, ವಾದಕ್ಕೆ ಕೀಲಿಯಾಗಿ. 1929ರ ಆರ್ಥಿಕ ಕುಸಿತದ ಬಗ್ಗೆ ಬೇರೆ ಪ್ಯಾರಾ ಬರೆದರೆ ಅದು ಇತಿಹಾಸದ ಟಿಪ್ಪಣಿಯಾಗಿ ಉಳಿದುಬಿಡುತ್ತದೆ. ಹಕ್ಸ್ಲಿಗೆ ಉಪಯೋಗಕ್ಕೆ ಬರುವ ಸಂದರ್ಭ ಇನ್ನೂ ಎರಡಿದೆ: 1913ರಲ್ಲಿ ಫೋರ್ಡ್ ಕಾರ್ಖಾನೆಯಲ್ಲಿ ಶುರುವಾದ ಸಾಗುವ ಜೋಡಣಾ ಸಾಲು, ಮತ್ತು ಅಭ್ಯಾಸದಿಂದ ಪ್ರತಿಕ್ರಿಯೆ ಬೆಳೆಸಬಹುದು ಎಂದು ತೋರಿಸಿದ ಪಾವ್ಲೊವ್‌ನ ಪ್ರಯೋಗಗಳು. ಕಾದಂಬರಿಯ ಕಾಲಗಣನೆಯೇ ಫೋರ್ಡ್‌ನ ಮಾಡೆಲ್ ಟಿ ಕಾರು ಬಂದ 1908ರಿಂದ ಶುರು. ಕಥೆ ನಡೆಯುವ 632ನೇ ಫೋರ್ಡ್ ಶಕ ನಮ್ಮ ಲೆಕ್ಕದಲ್ಲಿ 2540. ಸಿನಿಮಾಕ್ಕೆ ರೇಚಲ್ ಕಾರ್ಸನ್ 1962ರಲ್ಲಿ ಕೀಟನಾಶಕಗಳ ವಿರುದ್ಧ ಬರೆದ ಪುಸ್ತಕ ಎಬ್ಬಿಸಿದ ಪರಿಸರ ಚಳವಳಿ ಎಲ್ಲರೂ ಹೇಳುವ ಸಂದರ್ಭ. ಅದಕ್ಕಿಂತ ಹರಿತವಾದದ್ದು ಇನ್ನೊಂದಿದೆ. 1980ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಮನುಷ್ಯ ರೂಪಿಸಿದ ಜೀವಿಗೆ ಪೇಟೆಂಟ್ ಕೊಡಬಹುದು ಎಂದು 5–4ರ ಬಹುಮತದಿಂದ ತೀರ್ಪಿತ್ತಿತು. ಎಣ್ಣೆ ತಿನ್ನುವ ಆ ಬ್ಯಾಕ್ಟೀರಿಯಾ ರೂಪಿಸಿದವರು ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಭಾರತ ಮೂಲದ ವಿಜ್ಞಾನಿ ಆನಂದ ಮೋಹನ್ ಚಕ್ರಬರ್ತಿ. ಎರಡು ವರ್ಷದ ನಂತರ ತೆರೆಗೆ ಬಂದ ಹಾವಿನ ಹುರುಪೆಯ ಮೇಲೆ ತಯಾರಕರ ಸಂಖ್ಯೆ. ತೀರ್ಪನ್ನು ನೋಡಿಯೇ ಸ್ಕಾಟ್ ಆ ದೃಶ್ಯ ಮಾಡಿದ ಎಂದು ಮಾತ್ರ ಬರೆಯಬೇಡಿ. ಜೀವಕ್ಕೆ ಒಡೆಯನಿರಬಹುದೇ ಎಂಬ ಪ್ರಶ್ನೆ ಆಗ ನ್ಯಾಯಾಲಯದಲ್ಲೂ ತೆರೆಯ ಮೇಲೂ ಇತ್ತು ಎಂದರೆ ಸಾಕು.

ಕಾಲ ತಪ್ಪುವುದು ಈ ವಿಷಯದಲ್ಲಿ ಪದೇ ಪದೇ ಆಗುವ ಪ್ರಮಾದ. 1984ರ ಭೋಪಾಲ್ ಅನಿಲ ದುರಂತ 1982ರ ಸಿನಿಮಾಕ್ಕೆ ಸಂದರ್ಭವಾಗಲಾರದು. ಹಕ್ಸ್ಲಿ ಜೀನ್ ತಿದ್ದುವುದನ್ನು ಬರೆದ ಎಂಬುದೂ ತಪ್ಪು. ಡಿಎನ್‌ಎಯ ರಚನೆ ತಿಳಿದದ್ದೇ 1953ರಲ್ಲಿ. ಅವನ ಕಾರ್ಖಾನೆಯಲ್ಲಿ ಒಂದು ಅಂಡವನ್ನು 96ರವರೆಗೆ ಒಡೆಯುತ್ತಾರೆ, ಬಾಟಲಿಯ ಭ್ರೂಣಕ್ಕೆ ಆಮ್ಲಜನಕ ಕಡಿಮೆ ಮಾಡಿ ಕೆಳವರ್ಗ ತಯಾರಿಸುತ್ತಾರೆ, ಉಳಿದದ್ದನ್ನು ನಿದ್ದೆಪಾಠ ಮಾಡುತ್ತದೆ. ಹಾಗೇ ರೆಪ್ಲಿಕಂಟ್‌ಗಳನ್ನು ಲೋಹದ ಯಂತ್ರ ಎಂಬಂತೆ ‘ರೋಬೋ’ ಎಂದು ಬರೆಯಬೇಡಿ. ಚಿತ್ರದ ಆರಂಭದ ಬರಹದಲ್ಲಿ ಆ ಪದ ಬರುತ್ತದೆ ನಿಜ, ಆದರೆ ತೆರೆಯ ಮೇಲೆ ಕಾಣುವುದು ರಕ್ತಮಾಂಸ. ಕಣ್ಣನ್ನೂ ಬಿಡಿಭಾಗದ ಹಾಗೆ ಬೆಳೆಸುವ ಕುಶಲಿಯೊಬ್ಬ ಅಲ್ಲಿದ್ದಾನೆ. ಯಂತ್ರ ಎಂದುಬಿಟ್ಟರೆ ಅವರು ನಿಸರ್ಗವೋ ಅಲ್ಲವೋ ಎಂಬ ಪ್ರಶ್ನೆಯೇ ಸತ್ತುಹೋಗುತ್ತದೆ. ಸಿನಿಮಾಕ್ಕೆ ಆಧಾರವಾದ ಫಿಲಿಪ್ ಕೆ. ಡಿಕ್‌ನ 1968ರ ಕಾದಂಬರಿಯ ವಿವರಗಳೂ, ವಿದ್ಯುತ್ ಕುರಿಯಂಥವು, ಸಿನಿಮಾದ ಲೆಕ್ಕಕ್ಕೆ ನುಸುಳುತ್ತವೆ. ಅದು ಬೇರೆಯೇ ಪಠ್ಯ.

ಎರಡನೇ ಪ್ಯಾರಾಕ್ಕೆ ಒಳಗಿನ ಪ್ರಕೃತಿ. ಆರನೇ ಅಧ್ಯಾಯದಲ್ಲಿ ಬರ್ನಾರ್ಡ್ ಹೆಲಿಕಾಪ್ಟರನ್ನು ಇಂಗ್ಲಿಷ್ ಕಾಲುವೆಯ ಮೇಲೆ, ಅಲೆಗಳಿಗೆ ಹತ್ತಿರವಾಗಿ ನಿಲ್ಲಿಸಿ ಜೊತೆಗಾತಿ ಲೆನೀನಾಗೆ ಕಡಲು ತೋರಿಸುತ್ತಾನೆ. ಕಪ್ಪು ನೀರು, ಮೋಡದ ನಡುವೆ ಚಂದ್ರ. ಅವಳು ಗಾಬರಿಯಾಗಿ ರೇಡಿಯೋ ತಿರುವುತ್ತಾಳೆ. ಕೂಸಾಗಿದ್ದಾಗಿನ ಪಾಠ ಈಗ ಅವಳ ಬೆರಳಲ್ಲಿ ಕೆಲಸ ಮಾಡುತ್ತಿದೆ. ಮೇಲೆ ಗೆರೆ ಎಳೆದ ‘ಹುಟ್ಟುಗುಣ’ದ ಮಾತನ್ನು ಇಲ್ಲಿ ತನ್ನಿ. ಇದಕ್ಕೆ ಎದುರಾಗಿ ಸಿನಿಮಾದ ಮೊದಲ ಸಂದರ್ಶನ: ಲಿಯಾನ್ ಎಂಬ ರೆಪ್ಲಿಕಂಟ್‌ನ ಎದುರು ಕೂತ ಅಧಿಕಾರಿ, ಮರುಭೂಮಿಯಲ್ಲಿ ಅಂಗಾತ ಬಿದ್ದು ಬಿಸಿಲಿಗೆ ಬೇಯುತ್ತಿರುವ ಆಮೆಯ ಬಗ್ಗೆ ಕೇಳುತ್ತಾನೆ. ಲಿಯಾನ್ ಆಮೆಯನ್ನು ಕಂಡೇ ಇಲ್ಲ. ಈ ಪರೀಕ್ಷೆಯ ಪ್ರಶ್ನೆಗಳಲ್ಲಿ ಕಣಜ, ಚಿಟ್ಟೆ, ಕರುವಿನ ಚರ್ಮದ ಪರ್ಸು, ಬೇಯಿಸಿದ ನಾಯಿ ಎಲ್ಲ ಬರುತ್ತವೆ. ಪ್ರಾಣಿಗಳೇ ಕಾಣದ ಊರಿನಲ್ಲಿ ಮನುಷ್ಯ ಯಾರು ಎಂದು ತೀರ್ಮಾನಿಸುವುದು ಪ್ರಾಣಿಗಳ ಬಗ್ಗೆ ಮರುಕ ಹುಟ್ಟುತ್ತದೆಯೇ ಎಂಬುದರಿಂದ. ಲೆನೀನಾಗೆ ಕಡಲು ಎದುರಿಗಿದೆ, ಮರುಕವಿಲ್ಲ. ಲಿಯಾನ್‌ಗೆ ಆಮೆ ಇಲ್ಲ, ಆದರೂ ಅವನ ಮೈ ನಡುಗುತ್ತದೆ. ಲೆನೀನಾ ಈ ಪರೀಕ್ಷೆಗೆ ಕೂತಿದ್ದರೆ ಪಾಸಾಗುತ್ತಿದ್ದಳೇ ಎಂಬ ಪ್ರಶ್ನೆಯನ್ನು ಪ್ರಬಂಧದಲ್ಲಿ ಎತ್ತಿ. ಎರಡು ಪಠ್ಯಗಳು ಒಂದನ್ನೊಂದು ಮುಟ್ಟುವ ಜಾಗ ಅದು.

ಕಾದಂಬರಿಯ ‘ಕಾಡು’ ಭಾಗದಲ್ಲಿ ಎಚ್ಚರ ಬೇಕು. ಹಳೆಯ ರೀತಿಯಲ್ಲಿ ಬದುಕುವವರನ್ನು ಬೇಲಿಯೊಳಗೆ ಇಟ್ಟಿರುವ ನ್ಯೂ ಮೆಕ್ಸಿಕೋದ ರಿಸರ್ವೇಶನ್ನನ್ನು ‘ಕಳಂಕವಿಲ್ಲದ ನಿಸರ್ಗ’ ಎಂದು ಬರೆಯುವವರು ಬಹಳ. ಅಲ್ಲಿ ಮುಪ್ಪಿದೆ, ಕೊಳಕಿದೆ, ರಕ್ತ ಸುರಿಯುವಂತೆ ಚಾವಟಿಯಲ್ಲಿ ಹೊಡೆಯುವ ಆಚರಣೆಯಿದೆ. ಮೇಲಾಗಿ ಅದು ಆಡಳಿತದ ಲೆಕ್ಕದಲ್ಲಿರುವ ಜಾಗ: 5,60,000 ಚದರ ಕಿಲೋಮೀಟರ್, 5000 ಕಿಲೋಮೀಟರಿಗೂ ಹೆಚ್ಚು ಬೇಲಿ, ಬೇಲಿಯಲ್ಲಿ 60,000 ವೋಲ್ಟ್. ಕಾಡು ಉಳಿದಿದ್ದರೆ ವಾರ್ಡನ್ನಿನ ಅಪ್ಪಣೆಯಿಂದ. 1946ರ ಮುನ್ನುಡಿಯಲ್ಲಿ ಹಕ್ಸ್ಲಿಯೇ, ರಿಸರ್ವೇಶನ್ನಿನಲ್ಲಿ ಬೆಳೆದ ಜಾನ್‌ಗೆ ಹುಚ್ಚು ಸುಖ ಮತ್ತು ಹಳೆಯ ಬದುಕು ಎರಡೇ ದಾರಿ ಕೊಟ್ಟದ್ದು ಕಾದಂಬರಿಯ ದೋಷ, ನಡುವೆ ಮೂರನೆಯದೊಂದು ಇರಬೇಕಿತ್ತು ಎಂದು ಒಪ್ಪಿಕೊಂಡಿದ್ದಾನೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಕೆಲವು ವರ್ಷ ಈ ಎರಡು ಕೃತಿಗಳು ಎಚ್‌ಎಸ್‌ಸಿ (ಶಾಲೆಯ ಕೊನೆಯ) ಪರೀಕ್ಷೆಗೆ ಜೋಡಿಪಠ್ಯವಾಗಿದ್ದವು, ಹಾಗಾಗಿ ಅಂತರ್ಜಾಲದಲ್ಲಿ ಸಿದ್ಧ ಪ್ರಬಂಧಗಳು ರಾಶಿ ಬಿದ್ದಿವೆ. ‘ನಿಸರ್ಗ ಒಳ್ಳೆಯದು, ತಂತ್ರಜ್ಞಾನ ಕೆಟ್ಟದ್ದು’ ಎಂಬ ಅಚ್ಚಿನಲ್ಲಿ ಎರಕ ಹೊಯ್ದ ಆ ಬರಹಗಳ ಹತ್ತಿರ ಹೋಗಬೇಡಿ.

ಮೂರನೇ ಪ್ಯಾರಾ ಎರಡು ಸಾವುಗಳದು. ತಾಯಿ ಹೊಟ್ಟೆಯಲ್ಲಿ ಹುಟ್ಟಿದ ಜಾನ್ ಕೊನೆಯ ಅಧ್ಯಾಯದಲ್ಲಿ ಊರು ಬಿಟ್ಟು ಸರ್ರೆಯ ಹಳೆಯ ದೀಪಸ್ತಂಭಕ್ಕೆ ಹೋಗಿ, ಬಿಲ್ಲು ಕೆತ್ತಿ, ತೋಟ ಅಗೆದು ಬದುಕಲು ನೋಡುತ್ತಾನೆ. ಅಲ್ಲಿಗೂ ಕ್ಯಾಮೆರಾ ಬರುತ್ತದೆ. ಸಿನಿಮಾ ತೆಗೆಯುವವನೊಬ್ಬ ಮೂರು ದಿನ ಒಂದು ಕೃತಕ ಓಕ್ ಮರದ ಬೊಡ್ಡೆಯೊಳಗೆ ಅಡಗಿ ಕೂತು, ಪೊದೆಗಳಲ್ಲಿ ಮೈಕು ಬಚ್ಚಿಟ್ಟು, ಅವನು ಚಾವಟಿಯಲ್ಲಿ ತನ್ನನ್ನೇ ಹೊಡೆದುಕೊಳ್ಳುವುದನ್ನು ಚಿತ್ರಿಸುತ್ತಾನೆ. ಈ ಓಕ್ ಮರವನ್ನು ಹೆಚ್ಚಿನವರು ಓದಿ ಮುಂದೆ ಹೋಗಿಬಿಡುತ್ತಾರೆ. ನಿಮಗೆ ಅದು ಚಿನ್ನ: ಟೈರೆಲ್‌ನ ಗೂಬೆಗಿಂತ ಐವತ್ತು ವರ್ಷ ಮೊದಲೇ ಹಕ್ಸ್ಲಿ ನಕಲಿ ನಿಸರ್ಗವನ್ನು ನಿಲ್ಲಿಸಿದ್ದಾನೆ. ಅವನಲ್ಲಿ ಅದು ಬೇಟೆಗಾರನ ಮರೆ, ಸ್ಕಾಟ್‌ನಲ್ಲಿ ಶ್ರೀಮಂತನ ಹಜಾರದ ಅಲಂಕಾರ. ಜಾನ್ ನೇಣು ಹಾಕಿಕೊಳ್ಳುತ್ತಾನೆ. ಹಕ್ಸ್ಲಿ ಅವನ ಪಾದಗಳನ್ನು ಮಾತ್ರ ತೋರಿಸುತ್ತಾನೆ, ದಿಕ್ಸೂಚಿಯ ಮುಳ್ಳಿನ ಹಾಗೆ ಉತ್ತರ, ಈಶಾನ್ಯ, ಪೂರ್ವ ಎಂದು ನಿಧಾನ ತಿರುಗುತ್ತವೆ. ಇತ್ತ, ತಯಾರಾದವನು ರೆಪ್ಲಿಕಂಟ್‌ಗಳ ನಾಯಕ ರಾಯ್ ಬ್ಯಾಟಿ. ಮಳೆಯಲ್ಲಿ, ಮಾಳಿಗೆಯ ಮೇಲೆ, ತನ್ನನ್ನು ಕೊಲ್ಲಲು ಬಂದವನನ್ನೇ ಕೈಹಿಡಿದು ಮೇಲೆತ್ತಿ, ಆಯಸ್ಸು ತೀರಿ ತಲೆ ಬಾಗಿಸುತ್ತಾನೆ. ಕೈಯಲ್ಲಿದ್ದ ಪಾರಿವಾಳ ಹಾರುತ್ತದೆ. ಅದು ನಿಜವಾದ ಪಾರಿವಾಳವೋ ಕೃತಕವೋ ಸಿನಿಮಾ ಹೇಳುವುದಿಲ್ಲ. ನೀವೂ ತೀರ್ಮಾನಿಸಬೇಡಿ. ಗೊತ್ತಾಗದೇ ಇರುವುದರಿಂದ ಏನಾಗುತ್ತದೆ ಎಂದು ಬರೆಯಿರಿ: ಎರಡು ಗಂಟೆ ಕಾಲ ಪ್ರತಿ ಪ್ರಾಣಿಗೂ ‘ಕೃತಕವೇ?’ ಎಂದು ಕೇಳಿಸಿದ ಚಿತ್ರ, ಇಲ್ಲಿ ಆ ಪ್ರಶ್ನೆ ನೋಡುವವನ ಮನಸ್ಸಿಗೇ ಬಾರದ ಹಾಗೆ ಮಾಡುತ್ತದೆ.

ಈ ಪ್ಯಾರಾದಲ್ಲಿ ತಂತ್ರದ ಮಾತು ಬರುವಾಗ ಎರಡು ಮಾಧ್ಯಮಕ್ಕೂ ಒಂದೇ ಪದ ಬಳಸಬೇಡಿ. ‘ಪ್ರತಿಮೆ’ ಎಂದು ಎರಡಕ್ಕೂ ಹೇಳಿದರೆ ಏನೂ ಹೇಳಿದಂತಾಗಲಿಲ್ಲ. ಕಾದಂಬರಿಯಲ್ಲಿ ದಿಕ್ಕುಗಳ ಹೆಸರು ಅಲ್ಪವಿರಾಮಗಳೊಂದಿಗೆ ಒಂದರ ಹಿಂದೊಂದು ಬಂದು ವಾಕ್ಯವೇ ತೂಗಾಡುತ್ತದೆ. ಅದು ವಾಕ್ಯರಚನೆಯ ಕೆಲಸ. ಸಿನಿಮಾದಲ್ಲಿ ನಿಧಾನಗತಿ, ಮಳೆಯ ಸದ್ದು, ವ್ಯಾಂಜೆಲಿಸ್‌ನ ಸಂಗೀತ ಸೇರಿ ಅದೇ ಕೆಲಸ ಮಾಡುತ್ತವೆ. ಉಲ್ಲೇಖಗಳನ್ನು ಎಂಟು ಹತ್ತು ಪದದೊಳಗೆ ಇಟ್ಟು ನಿಮ್ಮ ವಾಕ್ಯದೊಳಗೇ ಹೊಲಿಯಿರಿ.

ಕುವೆಂಪು, ತೇಜಸ್ವಿ ಈ ಪ್ರಬಂಧಕ್ಕೆ ಬೇಡ. 1500 ಪದಗಳಲ್ಲಿ ಮೂರನೇ ಪಠ್ಯಕ್ಕೆ ಜಾಗ ಕೊಟ್ಟರೆ ಮೂರೂ ತೆಳುವಾಗುತ್ತವೆ. ಅದಕ್ಕಿಂತ ಮುಖ್ಯ ಕಾರಣ, ಅವರ ಮಲೆನಾಡು ಬದುಕಿರುವ ಕಾಡು. ಅದನ್ನು ಡಿಸ್ಟೋಪಿಯಾದ ಪಕ್ಕ ಕೂರಿಸಿದರೆ ‘ನೋಡಿ, ಏನೆಲ್ಲ ಕಳೆದುಕೊಂಡೆವು’ ಎಂಬ ಹಳಹಳಿಕೆ ಹುಟ್ಟುತ್ತದೆ, ವಾದ ಹುಟ್ಟುವುದಿಲ್ಲ. ಆದರೆ ಅವರನ್ನು ಓದಿ ಬಂದ ನಿಮ್ಮ ಕಣ್ಣು ಇಲ್ಲಿ ಖಂಡಿತ ಉಪಯೋಗಕ್ಕೆ ಬರುತ್ತದೆ. ಒಂದು ಹುಳು, ಒಂದು ಹಲ್ಲಿಯನ್ನು ಪುಟಗಟ್ಟಲೆ ನೋಡಲು ಕಲಿತವರಿಗೆ ಹಾವಿನ ಹುರುಪೆಯ ಮೇಲಿನ ಸಂಖ್ಯೆ ತಪ್ಪಿಹೋಗುವುದಿಲ್ಲ.

ಬರೆದು ಮುಗಿಸಿದ ಮೇಲೆ ಎರಡು ಬಣ್ಣದ ಪೆನ್ಸಿಲ್ ತೆಗೆದುಕೊಳ್ಳಿ. ಕಾದಂಬರಿಯ ಬಗ್ಗೆ ಇರುವ ವಾಕ್ಯಗಳಿಗೆ ಹಸಿರು, ಸಿನಿಮಾದವಕ್ಕೆ ಕೆಂಪು ಗೆರೆ ಹಾಕಿ. ಎರಡೂ ಇರುವ ವಾಕ್ಯಕ್ಕೆ ಎರಡೂ ಬಣ್ಣ. ಅರ್ಧ ಪುಟ ಒಂದೇ ಬಣ್ಣ ಕಂಡರೆ ಅಲ್ಲಿ ಸಾರಾಂಶ ಮತ್ತೆ ನುಗ್ಗಿದೆ ಎಂದು ಅರ್ಥ. ಆಮೇಲೆ ಕೆಂಪು ವಾಕ್ಯಗಳನ್ನು ಕೈಯಿಂದ ಮುಚ್ಚಿ ಬರೀ ಹಸಿರನ್ನು ಓದಿ. ಪ್ಯಾರಾ ಅಷ್ಟಕ್ಕೇ ಸರಾಗವಾಗಿ ಓದಿಸಿಕೊಂಡು ಹೋದರೆ ಎರಡು ಕೃತಿಗಳು ಇನ್ನೂ ಮಾತಿಗೆ ಕೂತಿಲ್ಲ. ಆ ಪ್ಯಾರಾವನ್ನು ಬಿಚ್ಚಿ, ದಾಟುವ ವಾಕ್ಯದಿಂದ ಶುರುಮಾಡಿ ಮತ್ತೆ ಬರೆಯಿರಿ.